ಶೇಡಿ ಮಣ್ಣು ಕಂಡಾಗ

ಕೇಳುಗರೇ, ನಮ್ಮ ಮಂಗಳೂರು, ಉಡುಪಿ ಕಡೆ ಕಟ್ಟಡ ಕಟ್ಟಿಸಿದವರಿಗೆ ಶೇಡಿ ಮಣ್ಣು ಗೊತ್ತಿರುತ್ತದೆ. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಬಿಳಿಯೋ ಹಳದಿಯೋ ಆದ ಈ ನುಣುಪು ಮಣ್ಣು. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ. ನೀರು ತಾಗಿದರೆ ಬಲ ಕಳೆದುಕೊಳ್ಳುತ್ತದೆ. ಮೇ ತಿಂಗಳ ಕೊನೆಗೆ ಅಡಿಪಾಯ ತೋಡುವಾಗ ಹೊಂಡದ ಒಂದು ಮೂಲೆಯಲ್ಲಿ ಇದು ಸಿಕ್ಕಿತು ಎನ್ನಿ. ಮೇಸ್ತ್ರಿ ಒಂದು ಹೆಂಟೆ ಎತ್ತಿ, ಅಂಗೈಯಲ್ಲಿ ನೀರು ಹಾಕಿ ಉಜ್ಜುತ್ತಾರೆ. ಬೆರಳ ಸಂದಿಯಿಂದ ಜಾರಿ ಹೋಗುತ್ತದೆ. ನಕ್ಷೆಯಲ್ಲಿ ಇದು ಇರಲಿಲ್ಲ, ಮಳೆಯೋ ಬಾಗಿಲಲ್ಲೇ ಇದೆ.

ಆ ಹೊತ್ತಿಗೆ ಮೇಸ್ತ್ರಿ ಎಂಜಿನಿಯರಿಗೆ ಫೋನ್ ಮಾಡುತ್ತಾರೆಯೇ ಎಂಬುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಾಲ್ಕು ದಿನ ಸುಮ್ಮನಿದ್ದರೆ ಅದರ ಮೇಲೆಯೇ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿದು ಆಗಿರುತ್ತದೆ. ಅಂದೇ ಹೇಳಿದರೆ ಇನ್ನಷ್ಟು ಆಳಕ್ಕೆ ತೋಡಬಹುದು, ಅಡಿಪಾಯವನ್ನು ಅಗಲಿಸಬಹುದು, ನೀರು ಹರಿದುಹೋಗಲು ಕಣಿ ತೆಗೆಯಬಹುದು. ಆದರೆ ಹಿಂದೊಮ್ಮೆ ಕೆಟ್ಟ ಸುದ್ದಿ ತಂದು ಎಲ್ಲರೆದುರು ಬೈಸಿಕೊಂಡವರು ಈ ಸಲ ಬಾಯಿ ಬಿಡುವುದಿಲ್ಲ. ದಯವಿಟ್ಟು ಸುದ್ದಿ ತಂದವರನ್ನು ಬೈಯಬೇಡಿ. ಯಾರ ತಪ್ಪು ಎಂಬ ವಿಚಾರಣೆ ಮೂಲೆ ಭದ್ರವಾದ ಮೇಲೆ ಆಗಲಿ.

ಒಂದು ಮೂಲೆಗಾಗಿ ಇಡೀ ಕೆಲಸ ನಿಲ್ಲಿಸುವವರೂ ಇದ್ದಾರೆ. ಅವರಿಗೆ ನಾನು ಕೊಂಕಣ ರೈಲ್ವೆಯನ್ನು ತೋರಿಸುತ್ತೇನೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗಿನ ಆ ಕಾಮಗಾರಿ 1990ರಲ್ಲಿ ಆರಂಭವಾಯಿತು. ಗೋವಾದ ಪೆರ್ನೆಂನಲ್ಲಿ ಮೆದು ಮಣ್ಣು ಮತ್ತೆ ಮತ್ತೆ ಕುಸಿದು, ಸುಮಾರು ಒಂದೂವರೆ ಕಿಲೋಮೀಟರಿನ ಒಂದೇ ಸುರಂಗಕ್ಕೆ ಆರು ವರ್ಷ ಹಿಡಿಯಿತು. ಇ. ಶ್ರೀಧರನ್ ಅವರ ನೇತೃತ್ವದ ತಂಡ ಆ ಸುರಂಗಕ್ಕಾಗಿ ಉಳಿದ ಕಡೆ ಕೈಕಟ್ಟಿ ಕೂರಲಿಲ್ಲ. ಮುಗಿದ ಭಾಗಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದರು. ನಮ್ಮ ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲೇ ರೈಲು ಓಡಿತು. ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ಆ ಐದು ವರ್ಷ ಉಡುಪಿಯವರು ಪೆರ್ನೆಂಗಾಗಿ ಕಾಯಬೇಕಾಗಲಿಲ್ಲ!

ನಿಮ್ಮ ಕೆಲಸದಲ್ಲಿಯೂ ಹಾಗೆಯೇ ಮಾಡಬಹುದು. ಆ ಮೂಲೆಗೆ ಬೇರೆ ಆಳುಗಳನ್ನು ಹಾಕಿ, ಮಳೆಗೆ ಮುನ್ನ ಅದಕ್ಕೆ ಟಾರ್ಪಾಲು ಹೊದಿಸಿ. ಉಳಿದ ಕಡೆ ಕಲ್ಲು ಕಟ್ಟುವುದು ನಡೆಯುತ್ತಿರಲಿ.

ಇಂಥ ಅನಿರೀಕ್ಷಿತಕ್ಕೆಂದು ಹೆಚ್ಚುವರಿ ಹಣ, ದಿನ ಇಟ್ಟುಕೊಳ್ಳಿ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ, ಅದನ್ನು ನಾನು ಬೆಳೆಸುವುದಿಲ್ಲ. ಅಂದಾಜುಪಟ್ಟಿಯಲ್ಲಿ ಅದರ ಜೊತೆಗೆ ಒಂದು ಹೆಸರನ್ನೂ ಬರೆದಿಡಿ: ಮಾಲೀಕರು ಮುಂಬೈಯಲ್ಲೋ ದುಬೈಯಲ್ಲೋ ಇದ್ದರೆ, ಇಲ್ಲಿ ಅಂದೇ ‘ಸರಿ, ತೋಡಿ’ ಎನ್ನುವ ಅಧಿಕಾರ ಇರುವವರ ಹೆಸರು.

ನಮಸ್ಕಾರ.