ಎಲ್ಲರೂ ಎದ್ದು ನಿಂತಾಗ

ನಮಸ್ಕಾರ. ಇವತ್ತು ನಾಲ್ಕು ನಿಮಿಷದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಯಾವುದಾದರೂ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದರೆ ಆ ನಾಲ್ಕು ನಿಮಿಷ ನಿಮಗೂ ಗೊತ್ತಿರುತ್ತದೆ. ಅರ್ಧ ಕಾರ್ಯಕ್ರಮ ಮುಗಿದಿರುತ್ತದೆ. ದೀಪಗಳು ಆರುತ್ತವೆ. ಎಲ್ಲರಿಗೂ ಬಾಯಿಪಾಠವಿರುವ ಹಾಡಿನ ಮೊದಲ ಸ್ವರ ಕೇಳಿಸುತ್ತದೆ. ಹೋ ಅಂತ ಕೂಗು ಏಳುತ್ತದೆ. ಸಾವಿರಾರು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ.

ಅಷ್ಟೇ, ನನಗೆ ವೇದಿಕೆ ಕಾಣುವುದಿಲ್ಲ.

ನಾನು ವೀಲ್‌ಚೇರ್ ಬಳಸುತ್ತೇನೆ. ನನ್ನ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಆಗ ನನಗೆ ಕಾಣುವುದು ಬೆನ್ನು, ಬೆಲ್ಟು, ಹೆಗಲಿಂದ ಇಳಿಬಿದ್ದ ಬ್ಯಾಗು. ಹಾಡು ಕೇಳಿಸುತ್ತದೆ, ನಿಜ. ಬರೀ ಕೇಳುವುದಾಗಿದ್ದರೆ ಮನೆಯಲ್ಲೇ ಕೇಳುತ್ತಿದ್ದೆ ಅಲ್ವಾ? ಹಾಡುವವರ ಮುಖ ನೋಡಲು ಬಂದಿದ್ದೆ. ಆ ಹಾಡಿನ ಹೊತ್ತಿಗೆ ಅವರು ಏನು ಮಾಡುತ್ತಾರೆ, ಯಾರ ಕಡೆ ತಿರುಗುತ್ತಾರೆ, ಮೈಕನ್ನು ಜನರ ಕಡೆ ಹಿಡಿಯುತ್ತಾರಾ, ಅದನ್ನು ನೋಡಲು ಬಂದಿದ್ದೆ. ಮುಂದೆ ನಿಂತವರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಹಾಡಿಗೆ ಸುಮ್ನೆ ಕೂತಿರಿ ಅಂತ ಯಾರಿಗೆ ಹೇಳಲಿ? ಸಿಟ್ಟು ಇರುವುದು, ಇವರೆಲ್ಲ ಎದ್ದು ನಿಲ್ಲುತ್ತಾರೆ ಅಂತ ಗೊತ್ತಿದ್ದೂ ನನ್ನ ಜಾಗವನ್ನು ಅವರ ಹಿಂದೆ, ಅದೇ ನೆಲದ ಮೇಲೆ ಗುರುತು ಮಾಡಿದವರ ಮೇಲೆ.

ಈ ನಾಲ್ಕು ನಿಮಿಷಕ್ಕಾಗಿ ಜನ ಕೋರ್ಟಿಗೂ ಹೋಗಿದ್ದಾರೆ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಹಕ್ಕುಗಳ ಕಾನೂನು ಬಂತು. ಅದಾದ ಕೆಲವು ವರ್ಷಕ್ಕೆ ವಾಷಿಂಗ್ಟನ್‌ನಲ್ಲಿ ಎಂಸಿಐ ಸೆಂಟರ್ ಅನ್ನುವ ದೊಡ್ಡ ಒಳಾಂಗಣ ಕ್ರೀಡಾಂಗಣ ಕಟ್ಟುವ ಕೆಲಸ ಶುರುವಾಯಿತು. ವೀಲ್‌ಚೇರ್ ಜಾಗಗಳೇನೋ ನಕ್ಷೆಯಲ್ಲಿದ್ದವು. ಆದರೆ ಮುಂದಿನವರು ಎದ್ದು ನಿಂತರೆ ಅಲ್ಲಿ ಎಷ್ಟೋ ಜಾಗಗಳಿಂದ ಏನೂ ಕಾಣುತ್ತಿರಲಿಲ್ಲ. ಬೆನ್ನುಹುರಿಗೆ ಏಟು ಬಿದ್ದ ಮಾಜಿ ಸೈನಿಕರ ಸಂಘವೊಂದು ಇದನ್ನು ಕೋರ್ಟಿಗೆ ಒಯ್ದಿತು. ಜಾಗ ಕೊಟ್ಟರೆ ಸಾಲದು, ನಿಂತವರ ತಲೆ ಮೇಲಿಂದ ಕಾಣಬೇಕು ಅನ್ನುವುದು ಅವರ ವಾದ. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಿತು. ಎಲ್ಲ ಜಾಗವೂ ಹಾಗಿರಬೇಕಿಲ್ಲ, ಬಹುಪಾಲು ಇದ್ದರೆ ಸಾಕು ಎಂದೂ ಹೇಳಿತು. ಆಮೇಲೆ 2010ರ ನಿಯಮಗಳಲ್ಲಿ ಈ ಮಾತು ನೇರವಾಗಿಯೇ ಸೇರಿತು. ಜನ ಎದ್ದು ನಿಲ್ಲುವಂಥ ಕಡೆ, ವೀಲ್‌ಚೇರ್‌ನಲ್ಲಿ ಕೂತವರಿಗೆ ನಿಂತವರನ್ನು ದಾಟಿ ವೇದಿಕೆ ಕಾಣುವಂತಿರಬೇಕು.

ಇದಕ್ಕೆ ಬೇಕಾಗಿದ್ದೇನು? ಗಟ್ಟಿಯಾದ, ಎತ್ತರದ ಒಂದು ಕಟ್ಟೆ. ಸುತ್ತ ಕಂಬಿ. ಹತ್ತಲು ಇಳಿಜಾರಾದ ದಾರಿ. ದೀಪ ಕಟ್ಟಲು, ಕ್ಯಾಮೆರಾ ಇಡಲು ಇಂಥ ಕಟ್ಟೆಗಳನ್ನು ಕಾರ್ಯಕ್ರಮ ನಡೆಸುವವರು ದಿನಾ ಕಟ್ಟುತ್ತಾರೆ. ಕ್ಯಾಮೆರಾಗೆ ಕಾಣಬೇಕು ಅಂತ ಯಾರಾದರೂ ಅರ್ಜಿ ಬರೆಯಬೇಕಾ? ಮೊದಲ ದಿನವೇ ಅದು ನಕ್ಷೆಯಲ್ಲಿರುತ್ತದೆ.

ಇಳಿಜಾರು ಅಂದೆನಲ್ಲ, ರ್‍ಯಾಂಪ್, ಅದರ ಲೆಕ್ಕವನ್ನು ಒಮ್ಮೆ ಹೇಳಿಬಿಡುತ್ತೇನೆ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ರ್‍ಯಾಂಪ್ ಬೇಕು. ಬಹಳ ಕಡೆ ಒಪ್ಪಿಕೊಂಡಿರುವ ಅಳತೆ ಇದು. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ ಉದ್ದ. ನಾನು ಹೋದ ಒಂದು ಕಡೆ ಮೂರು ಮೆಟ್ಟಿಲ ಮೇಲೆ ನಾಲ್ಕೈದು ಅಡಿಯ ಹಲಗೆ ಒರಗಿಸಿ, "ಬನ್ನಿ ಸರಿಯಾಗಿದೆ" ಅಂದರು. ಅದರ ಮೇಲೆ ಹತ್ತಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹೇಳಿದೆ. "ನಾವು ಹಿಡಿದುಕೊಳ್ಳುತ್ತೇವೆ" ಅಂದರು. ಇಬ್ಬರು ಬಂದು, ನನ್ನನ್ನು ಕೇಳದೆ, ಕುರ್ಚಿಯ ಕೈ ಹಿಡಿದು ಎತ್ತಲು ನೋಡಿದರು. ಅದು ಕಳಚಿ ಬರುವ ಕೈ. ಎತ್ತಿದರೆ ಕೈ ಮಾತ್ರ ಅವರ ಕೈಗೆ ಬರುತ್ತದೆ, ನಾನು ನೆಲದಲ್ಲಿರುತ್ತೇನೆ. ದಯವಿಟ್ಟು ಇದೊಂದನ್ನು ನೆನಪಿಡಿ. ವೀಲ್‌ಚೇರ್ ಮುಟ್ಟುವ ಮೊದಲು ಕೇಳಿ. ಅದು ನಮಗೆ ಮೈಯ ಭಾಗದ ಹಾಗೆ.

ಆದರೆ ಬಾಗಿಲ ತನಕ ಬರುವುದೂ ಸುಲಭವಿಲ್ಲ. ಟಿಕೆಟ್‌ನಿಂದಲೇ ಕಷ್ಟ ಶುರು. ಎಲ್ಲರೂ ಫೋನಿನಲ್ಲಿ ಎರಡು ಸಲ ಒತ್ತಿ ಟಿಕೆಟ್ ತೆಗೆದುಕೊಳ್ಳುತ್ತಾರೆ. ನಮಗೆ ಮಾತ್ರ "ವೀಲ್‌ಚೇರ್ ಜಾಗಕ್ಕೆ ಕರೆ ಮಾಡಿ" ಅಂತ ಒಂದು ನಂಬರ್. ಕರೆ ಮಾಡಿದರೆ ಕಾಯಿರಿ. ಇಮೇಲ್ ಕಳಿಸಿದರೆ ಎರಡು ದಿನ ಬಿಟ್ಟು ಉತ್ತರ. ಹತ್ತು ನಿಮಿಷದಲ್ಲಿ ಟಿಕೆಟ್ ಖಾಲಿಯಾಗುವ ಕಾರ್ಯಕ್ರಮಕ್ಕೆ ಎರಡು ದಿನ! ಕೊನೆಗೆ ಸಿಕ್ಕಿತು ಅಂದುಕೊಳ್ಳಿ. ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ. ನನಗೆ ಮೂವರು ಗೆಳೆಯರಿದ್ದಾರೆ. ವರ್ಷಗಟ್ಟಲೆ ಒಟ್ಟಿಗೆ ಹಾಡು ಕೇಳಿದವರು. ಇಬ್ಬರನ್ನು ದೂರ ಕಳಿಸಿ ಯಾರನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ?

ಇದಕ್ಕೂ ಬೇರೆ ದಾರಿ ಇದೆ. ಅಮೆರಿಕದ ನಿಯಮದಲ್ಲಿ ವೀಲ್‌ಚೇರ್ ಜಾಗದ ಟಿಕೆಟನ್ನು ಬೇರೆ ಟಿಕೆಟ್ ಮಾರುವ ಹೊತ್ತಿನಲ್ಲೇ, ಅದೇ ರೀತಿಯಲ್ಲೇ ಮಾರಬೇಕು. ಪಕ್ಕದಲ್ಲಿ ಮೂರು ಸೀಟು ಇದ್ದರೆ ಮೂವರು ಜೊತೆಗಾರರಿಗೂ ಕೊಡಬೇಕು. ಬ್ರಿಟನ್ನಿನಲ್ಲಿ ಸಹಾಯಕರಿಲ್ಲದೆ ಬರಲಾಗದವರಿಗೆ ಆ ಸಹಾಯಕರ ಟಿಕೆಟನ್ನು ಅನೇಕ ಕಡೆ ಉಚಿತವಾಗಿಯೇ ಕೊಡುತ್ತಾರೆ. ಅದು ದಾನವಲ್ಲ. ಅವರಿಲ್ಲದೆ ಈ ವ್ಯಕ್ತಿ ಬರುವಂತಿಲ್ಲ ಅಂದಮೇಲೆ ಒಬ್ಬರ ಬರುವಿಕೆಗೆ ಎರಡು ಟಿಕೆಟ್ ಕೇಳುವುದು ನ್ಯಾಯವಲ್ಲ.

ಒಳಗೆ ಹೋಗುವ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಮಾನು ಇಳಿಸುವ ಹಿಂಬಾಗಿಲು, ಸಾಮಾನಿನ ಲಿಫ್ಟು, ಕತ್ತಲ ಓಣಿ. ಗೆಳೆಯರು ಮುಂಬಾಗಿಲಲ್ಲಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ.

ಶೌಚಾಲಯದ ಮಾತು ಹೇಳಲೇಬೇಕು. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಅದಕ್ಕೇ ಅದು ಸರಿಯಾಗುವುದಿಲ್ಲ. ಕಾರ್ಯಕ್ರಮವಿರುವ ದಿನ ನಾನು ಮಧ್ಯಾಹ್ನದಿಂದ ನೀರು ಕುಡಿಯುವುದಿಲ್ಲ. ನನ್ನಂಥ ಎಷ್ಟೋ ಜನ ಹೀಗೇ ಮಾಡುತ್ತಾರೆ. ಅಂಗವಿಕಲರ ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬಾಗಿಲು ತೆರೆದಿದ್ದರೆ ಒಳಗೆ ಬಕೆಟ್ಟು, ಪೊರಕೆ, ಮುರಿದ ಕುರ್ಚಿ. ಬಾಗಿಲ ಮೇಲೆ ಮಾತ್ರ "ವಿಶೇಷಚೇತನರಿಗೆ" ಅಂತ ಚೆಂದದ ಅಕ್ಷರ. ಆ ಹೆಸರಿನ ಬಗ್ಗೆ ನನಗೆ ಹಠವಿಲ್ಲ, ಏನಾದರೂ ಕರೆಯಿರಿ. ಬಾಗಿಲು ತೆರೆದಿರಲಿ, ಒಳಗೆ ಕುರ್ಚಿ ತಿರುಗಲು ಐದಡಿ ಜಾಗವಿರಲಿ.

ಇನ್ನು ಮನುಷ್ಯರ ವಿಷಯ. ಸೆಕ್ಯೂರಿಟಿಯವರು ನನ್ನ ಟಿಕೆಟ್ ನೋಡಿ ನನ್ನ ಗೆಳೆಯನನ್ನು ಕೇಳುತ್ತಾರೆ, "ಇವರು ಕೊನೇ ತನಕ ಇರ್ತಾರಾ?" ನಾನು ಅಲ್ಲೇ ಇದ್ದೇನೆ. ಆ ಹಾಡುಗಳೆಲ್ಲ ನನಗೆ ಗೊತ್ತು. ಗೆಳೆಯನನ್ನು ಕರೆದುಕೊಂಡು ಬಂದವನೇ ನಾನು.

ವೀಲ್‌ಚೇರ್ ಬಳಸುವ ಎಲ್ಲರೂ ನಡೆಯಲು ಆಗದವರೇ ಅಲ್ಲ. ಕೆಲವರು ನಾಲ್ಕು ಹೆಜ್ಜೆ ನಡೆಯಬಲ್ಲರು, ಒಂದು ನಿಮಿಷ ನಿಲ್ಲಬಲ್ಲರು. ಮೂರು ಗಂಟೆ ನಿಲ್ಲಲು ಮಾತ್ರ ಆಗದು. ಅಂಥವರು ಕಾಲು ಚಾಚಲು ಒಮ್ಮೆ ಎದ್ದರೆ ಸುತ್ತಲಿನವರು "ನಾಟಕ" ಅಂತಾರೆ. ಇದು ನಿಜಕ್ಕೂ ನೋಯಿಸುವ ಮಾತು. 2014ರಲ್ಲಿ ಸಿಡ್ನಿಯಲ್ಲಿ ಅಮೆರಿಕದ ರ್‍ಯಾಪ್ ಗಾಯಕ ಕಾನ್ಯೆ ವೆಸ್ಟ್ ಹಾಡು ನಿಲ್ಲಿಸಿ, ಎಲ್ಲರೂ ಎದ್ದು ನಿಲ್ಲುವ ತನಕ ಮುಂದುವರಿಸುವುದಿಲ್ಲ ಎಂದರು. ಅಂಗವಿಕಲರಿಗೆ ಮಾತ್ರ ವಿನಾಯಿತಿ. ಎದ್ದು ನಿಲ್ಲದೆ ಉಳಿದವರಲ್ಲಿ ಒಬ್ಬರು ವೀಲ್‌ಚೇರ್‌ನಲ್ಲಿದ್ದರು. ನಿಜವೋ ಅಂತ ಕಾವಲಿನವರು ಹೋಗಿ ನೋಡಿ ಬಂದ ಮೇಲೆ ಹಾಡು ಮುಂದುವರಿಯಿತು. ತುಂಬಿದ ಸಭೆಯಲ್ಲಿ ಎಲ್ಲರ ಕಣ್ಣು ನಿಮ್ಮ ಕಾಲಿನ ಮೇಲಿದ್ದರೆ ಹೇಗಿರುತ್ತದೆ? ಹಾಡುವವರೇ, ವೇದಿಕೆಯಿಂದ "ಎಲ್ಲರೂ ಎದ್ದೇಳಿ" ಅನ್ನುವುದು ಅಭ್ಯಾಸವಾಗಿಹೋಗಿದೆ. "ಕೈ ಎತ್ತಿ" ಅನ್ನಬಹುದಲ್ವಾ, ಇಲ್ಲಾ ನೀವೇ ಶುರು ಮಾಡಿ, ನಾವು ದನಿ ಸೇರಿಸುತ್ತೇವೆ.

ವೇದಿಕೆಯ ಮೇಲಿನ ಕಥೆಯೂ ಬೇರೆಯಲ್ಲ. ಇಂಗ್ಲೆಂಡಿನ ರಾಬರ್ಟ್ ವ್ಯಾಟ್ ಡ್ರಮ್ಸ್ ನುಡಿಸುತ್ತಿದ್ದರು, ಹಾಡುತ್ತಿದ್ದರು. 1973ರಲ್ಲಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮರುವರ್ಷ ಟಿವಿಯ ಸಂಗೀತ ಕಾರ್ಯಕ್ರಮಕ್ಕೆ ಹೋದಾಗ, ಮನೆಮಂದಿ ಕೂತು ನೋಡುವ ಕಾರ್ಯಕ್ರಮಕ್ಕೆ ವೀಲ್‌ಚೇರ್ ಸರಿಹೋಗುವುದಿಲ್ಲ ಎಂದರಂತೆ ನಿರ್ಮಾಪಕರು. ವ್ಯಾಟ್ ಜಗಳವಾಡಿ ವೀಲ್‌ಚೇರ್‌ನಲ್ಲೇ ಹಾಡಿದರು. ಅರ್ಧ ಶತಮಾನ ಕಳೆದಿದೆ. ಇವತ್ತಿಗೂ ಎಷ್ಟೋ ವೇದಿಕೆಗಳಿಗೆ ಹತ್ತಲು ಮೆಟ್ಟಿಲೊಂದೇ ದಾರಿ. ಹಾಗಾದರೆ ಅಲ್ಲಿ ಹಾಡುವವರು ಹೇಗಿರಬೇಕು ಅನ್ನುವುದನ್ನೂ ವೇದಿಕೆ ಕಟ್ಟಿದವರು ಮೊದಲೇ ತೀರ್ಮಾನ ಮಾಡಿಟ್ಟ ಹಾಗಾಯಿತು.

ಜನರ ಗುಂಪು ವೀಲ್‌ಚೇರ್ ಸಮೇತ ಒಬ್ಬರನ್ನು ತಲೆ ಮೇಲೆ ಎತ್ತಿ ಹಿಡಿದ ವಿಡಿಯೊಗಳು ನಿಮಗೂ ಬಂದಿರುತ್ತವೆ. ಕಣ್ಣಲ್ಲಿ ನೀರು ಬಂತು ಅಂತ ಕಳಿಸುತ್ತೀರಿ. ಅವರೇ ಕೇಳಿಕೊಂಡು, ಖುಷಿಯಿಂದ ಮೇಲೆ ಹೋಗಿದ್ದರೆ ನನಗೂ ಖುಷಿ. ಆದರೆ ಇಪ್ಪತ್ತು ಜನ ಎತ್ತದಿದ್ದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ ಅನ್ನುವುದು ನನಗೆ ಮೊದಲು ಕಾಣುತ್ತದೆ. ಕೈ ಜಾರಿದರೆ ಏಟು ಬೀಳುವುದು ಅವರ ಬೆನ್ನುಮೂಳೆಗೆ.

"ಎಷ್ಟು ಜನ ಬರ್ತೀರಿ ನೀವು? ಇಟ್ಟ ಜಾಗವೇ ಖಾಲಿ ಉಳಿಯುತ್ತದೆ" ಅಂತ ಒಬ್ಬ ಆಯೋಜಕರು ನನ್ನ ಹತ್ತಿರ ಹೇಳಿದ್ದಾರೆ. ಟಿಕೆಟ್‌ಗೆ ಎರಡು ದಿನ, ಜೊತೆಗೆ ಒಬ್ಬರೇ, ಹಿಂಬಾಗಿಲು, ಬೀಗ ಹಾಕಿದ ಶೌಚಾಲಯ, ಕೊನೆಗೆ ಬೆನ್ನುಗಳ ಗೋಡೆ. ಒಮ್ಮೆ ಬಂದವರು ಮತ್ತೆ ಯಾಕೆ ಬರುತ್ತಾರೆ? ಖಾಲಿ ಜಾಗ ನೋಡಿ ಆಸಕ್ತಿ ಇಲ್ಲ ಅಂದುಕೊಳ್ಳಬೇಡಿ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಅದೇ ಹಾಡು ಕೇಳುತ್ತಾ ಕೂತವರನ್ನು ಯಾರೂ ಎಣಿಸಿಲ್ಲ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಇದನ್ನೇ ಹೇಳುತ್ತದೆ. ಸಂಗೀತ, ನಾಟಕ, ಆಟೋಟಗಳಲ್ಲಿ ಉಳಿದವರ ಸಮಾನವಾಗಿ ಸೇರುವುದು ನಮ್ಮ ಹಕ್ಕು.

ಬ್ರಿಟನ್ನಿನಲ್ಲಿ 2000ದಲ್ಲಿ ಶುರುವಾದ ಆಟಿಟ್ಯೂಡ್ ಈಸ್ ಎವ್ರಿಥಿಂಗ್ ಅನ್ನುವ ಸಂಸ್ಥೆಯ ಒಂದು ಕೆಲಸ ನನಗೆ ತುಂಬಾ ಇಷ್ಟ. ಅವರು ಅಂಗವಿಕಲ ಅಭಿಮಾನಿಗಳನ್ನೇ, ಮೊದಲೇ ತಿಳಿಸದೆ, ಸಾಮಾನ್ಯ ಪ್ರೇಕ್ಷಕರ ಹಾಗೆ ಕಾರ್ಯಕ್ರಮಗಳಿಗೆ ಕಳಿಸುತ್ತಾರೆ. ಟಿಕೆಟ್ ಹೇಗೆ ಸಿಕ್ಕಿತು, ಬಾಗಿಲಲ್ಲಿ ಏನಂದರು, ಏನು ಕಾಣಿಸಿತು ಅಂತ ಅವರು ಬಂದು ಹೇಳುತ್ತಾರೆ. ಅಳತೆಪಟ್ಟಿ ಹಿಡಿದು ಬಂದ ಅಧಿಕಾರಿಗೆ ರ್‍ಯಾಂಪ್ ಕಾಣುತ್ತದೆ, ಆ ನಾಲ್ಕು ನಿಮಿಷ ಕಾಣುವುದಿಲ್ಲ. ಅದು ಅಲ್ಲಿ ಕೂತವರಿಗೇ ಗೊತ್ತು.

ಒಂದೇ ಒಂದು ಸಲ ನನಗೆ ಎಲ್ಲವೂ ಸರಿ ಸಿಕ್ಕಿದೆ. ಬಯಲಿನ ಕಾರ್ಯಕ್ರಮ. ಹುಲ್ಲಿನ ಮೇಲೆ ಗಟ್ಟಿ ಹಲಗೆಗಳ ದಾರಿ ಹಾಸಿದ್ದರು. ವೈರುಗಳನ್ನು ಆ ದಾರಿಯಿಂದ ದೂರ ಎಳೆದಿದ್ದರು. ಕಟ್ಟೆಯ ಹತ್ತಿರ ನಿಂತಿದ್ದ ಹುಡುಗಿ ಗೆಳೆಯನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿ, "ಎಲ್ಲಿ ನಿಲ್ಲಿಸಿಕೊಳ್ತೀರಾ?" ಅಂದಳು. ಶೌಚಾಲಯ ಹಿಂದೆಯೇ ಇದೆ, ಬೀಗವಿಲ್ಲ ಅಂತಲೂ ಹೇಳಿದಳು. ಮೂವರು ಗೆಳೆಯರೂ ಪಕ್ಕದಲ್ಲಿದ್ದರು.

ಆ ಹಾಡು ಬಂತು. ದೀಪ ಆರಿತು. ಎಲ್ಲರೂ ಎದ್ದರು. ನನ್ನ ಮುಂದೆ ಸಾವಿರಾರು ತಲೆಗಳು, ಅವುಗಳ ಆಚೆ ವೇದಿಕೆ ಪೂರ್ತಿ ಕಾಣುತ್ತಿತ್ತು. ಡ್ರಮ್ಸ್ ನುಡಿಸುವಾಕೆ ಹಾಡಿನ ನಡುವೆ ಕಣ್ಣು ಮುಚ್ಚಿಕೊಳ್ಳುತ್ತಾಳೆ ಅನ್ನುವುದು ನನಗೆ ಗೊತ್ತಾಗಿದ್ದು ಅವತ್ತು.