ರಿಮೋಟ್ ಮನೆಯದು, ಮೊಬೈಲ್ ಒಬ್ಬರದು

ಕೇಳುಗರಿಗೆಲ್ಲ ನಮಸ್ಕಾರ.

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಟಿವಿ ರಿಮೋಟ್ ವಾಷಿಂಗ್ ಮಿಷನ್‌ಗೆ ಬಿದ್ದು ಸತ್ತಿತು. ಮಂಚದ ಮೇಲಿನ ಬೆಡ್‌ಶೀಟ್ ಎಳೆದು, ಮುದ್ದೆ ಮಾಡಿ ಒಳಗೆ ತುರುಕಿದವನು ನಾನೇ. ಅದರ ಮಡಿಕೆಯಲ್ಲಿ ರಿಮೋಟ್ ಇತ್ತು ಅಂತ ಗೊತ್ತಾಗಿದ್ದು ಮಿಷನ್ ಒಳಗಿಂದ ಕಟಕಟ ಸದ್ದು ಬಂದಾಗ. ಅವ್ವ ಆ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ, ಎರಡು ರಬ್ಬರ್ ಬ್ಯಾಂಡ್ ಬಿಗಿದು, ಆರು ವರ್ಷ ಕಾಪಾಡಿಕೊಂಡು ಬಂದಿದ್ದಳು. ಕವರ್ ಗಟ್ಟಿಯಾಗಿಯೇ ಇತ್ತು. ಒಳಗೆ ಸೋಪಿನ ನೀರು ತುಂಬಿತ್ತು, ಅಷ್ಟೇ.

ಬಿಸಿಲಿಗೆ ಇಡೋಣ ಅಂದರೆ ಜುಲೈ ತಿಂಗಳ ಹಾಸನದಲ್ಲಿ ಬಿಸಿಲನ್ನು ಎಲ್ಲಿಂದ ತರೋದು? ಅಕ್ಕಿ ಡಬ್ಬದಲ್ಲಿ ಎರಡು ದಿನ ಹೂತಿಟ್ಟೆವು. ಏನೂ ಆಗಲಿಲ್ಲ. ಆಗ ಸಕಲೇಶಪುರದಿಂದ ಅಕ್ಕನ ಮಗ ಬಂದಿದ್ದ. "ಮಾವ, ನಿಮ್ಮ ಮೊಬೈಲ್ ಕೊಡಿ ಇಲ್ಲಿ" ಅಂದ. ಕೊಟ್ಟೆ. ಅದನ್ನು ತಿರುಗಿಸಿ, ಮೇಲಿನ ಅಂಚಿನಲ್ಲಿದ್ದ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ ತೋರಿಸಿ, "ಇದರಲ್ಲಿ ಕಣ್ಣಿದೆ ಮಾವ, ರಿಮೋಟ್ ಯಾಕೆ ಬೇಕು?" ಅಂದ. ಎರಡು ವರ್ಷ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೇನೆ, ಆ ಚುಕ್ಕಿಯನ್ನು ನಾನು ಮೈಕ್ ಇರಬೇಕು ಅಂದುಕೊಂಡಿದ್ದೆ.

ಆಮೇಲೆ ನಡೆದದ್ದು ಐದು ನಿಮಿಷದ ಕೆಲಸ. ಮೊಬೈಲಿನಲ್ಲಿ ಮೊದಲಿನಿಂದಲೂ ಒಂದು ರಿಮೋಟ್ ಆ್ಯಪ್ ಇತ್ತು, ನಾನೇ ಯಾವತ್ತೂ ತೆರೆದಿರಲಿಲ್ಲ. ಟಿವಿಯೋ, ಫ್ಯಾನೋ, ಎಸಿಯೋ, ಸೆಟ್ ಟಾಪ್ ಬಾಕ್ಸೋ ಅಂತ ಕೇಳಿತು. ಯಾವ ಕಂಪನಿ ಅಂತ ಕೇಳಿತು. ಆಮೇಲೆ ಪರದೆ ಮೇಲೆ ಒಂದು ಪವರ್ ಬಟನ್ ತೋರಿಸಿ, ಟಿವಿ ಕಡೆ ಹಿಡಿದು ಒತ್ತಿ ನೋಡಿ, ಆನ್ ಆಯಿತಾ ಇಲ್ಲವಾ ಹೇಳಿ ಅಂದಿತು. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಟಿವಿ ಬೆಳಗಿತು. ಒಂದೇ ಕಂಪನಿ ಬೇರೆ ಬೇರೆ ಮಾಡೆಲ್‌ಗೆ ಬೇರೆ ಬೇರೆ ಗುಟ್ಟಿನ ಸಂಖ್ಯೆ ಇಟ್ಟಿರುತ್ತದೆ, ಆ್ಯಪ್ ಅವನ್ನು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡುತ್ತಿತ್ತು. ಅಡುಗೆ ಮನೆಯಲ್ಲಿ ರೇಡಿಯೋ ಕೇಳುತ್ತಿದ್ದ ಅವ್ವ ಸೌಟು ಹಿಡಿದೇ ಹೊರಗೆ ಬಂದಳು. "ಮುಟ್ಟದೆ ಹೆಂಗೋ ಹಾಕಿದೆ?" ಅಂತ ಮೊಮ್ಮಗನನ್ನು ಕೇಳಿದಳು. ರಿಮೋಟಲ್ಲಿ ಹಾಕುವಾಗಲೂ ಯಾರೂ ಟಿವಿ ಮುಟ್ಟುತ್ತಿರಲಿಲ್ಲ ಅಲ್ವಾ, ಆದರೂ ಮೊಬೈಲಿನಿಂದ ಆದಾಗ ಅದೇ ಹೊಸ ಮಾಯೆ ಅನ್ನಿಸುತ್ತದೆ.

ಮಾಯೆ ಏನೂ ಇಲ್ಲ, ಅದು ಬೆಳಕು. ನಮ್ಮ ಕಣ್ಣಿಗೆ ಕಾಣದ ಬೆಳಕು. ಅದನ್ನು ಅವಗೆಂಪು ಅಂತಲೋ, ಇನ್‌ಫ್ರಾರೆಡ್ ಅಂತಲೋ ಕರೆಯುತ್ತಾರೆ. ರಿಮೋಟಿನ ಮೂತಿಯಲ್ಲೂ ಮೊಬೈಲಿನ ಆ ಕಪ್ಪು ಚುಕ್ಕಿಯಲ್ಲೂ ಇರುವ ಪುಟ್ಟ ಎಲ್‌ಇಡಿ ಬಲ್ಬು ಈ ಬೆಳಕಿನಲ್ಲಿ ಪಟಪಟ ಮಿನುಗುತ್ತದೆ, ಸೆಕೆಂಡಿಗೆ ಹೆಚ್ಚುಕಡಿಮೆ 38,000 ಸಲ. ಆ ಮಿನುಗನ್ನು ನಿಲ್ಲಿಸಿ, ಬಿಟ್ಟು, ಮತ್ತೆ ನಿಲ್ಲಿಸಿ, ಹಿಂದಿನ ಕಾಲದ ತಂತಿ ಆಫೀಸಿನ ಕಟ್ಟಕಡ ಇತ್ತಲ್ಲ, ಹಾಗೆ ಸಂದೇಶ ಕಳಿಸುತ್ತದೆ. ತುಂಬ ಟಿವಿಗಳಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಒಂದು ಸಂದೇಶಕ್ಕೆ 32 ಗುರುತು. ಮೊದಲು ವಿಳಾಸ, ಅಂದರೆ ಇದು ಯಾರಿಗೆ ಹೇಳುತ್ತಿರುವ ಮಾತು ಅಂತ. ಆಮೇಲೆ ಕೆಲಸ, ಸದ್ದು ಜಾಸ್ತಿ ಮಾಡು, ಚಾನೆಲ್ ಬದಲಿಸು ಅಂತ. ಇನ್ನೊಂದು ಚಂದ ಏನೆಂದರೆ ಎರಡನ್ನೂ ಒಂದು ಸಲ ನೇರವಾಗಿ, ಇನ್ನೊಂದು ಸಲ ಉಲ್ಟಾ ಮಾಡಿ ಹೇಳುತ್ತದೆ. ಎರಡೂ ತಾಳೆಯಾದರೆ ಮಾತ್ರ ಟಿವಿ ಮಾತು ಕೇಳುತ್ತದೆ. ಅಂಗಡಿಯವನು ಚೀಟಿ ಬರೆದುಕೊಂಡು ನಮಗೇ ಒಂದು ಸಲ ಓದಿ ಹೇಳುವುದಿಲ್ಲವೇ, ಹಾಗೆ. ಇಷ್ಟೂ ಮುಗಿಯುವುದು ಕಣ್ಣು ಮಿಟುಕಿಸುವಷ್ಟರೊಳಗೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರ ಎದುರಿಗೆ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ನೇರಳೆಯೋ ಬಿಳಿಯೋ ಬಣ್ಣದಲ್ಲಿ ಬಲ್ಬು ಮಿನುಗುವುದು ಕಾಣುತ್ತದೆ. ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಗಾಜು ಜಾಸ್ತಿ ಗಟ್ಟಿಯಾಗಿರುತ್ತದೆ, ಅದಕ್ಕೇ ಸೆಲ್ಫಿ ಕ್ಯಾಮೆರಾ ಅಂದೆ. ರಿಮೋಟ್ ಕೆಟ್ಟಿತು ಅಂತ ಹೊಸದು ತರುವ ಮೊದಲು ಇದೊಂದು ಪರೀಕ್ಷೆ ಮಾಡಿ. ಯಾವ ಬಟನ್ ಒತ್ತಿದರೂ ಮಿನುಗಲಿಲ್ಲವೇ, ಮೊದಲು ಸೆಲ್ ಬದಲಿಸಿ. ಕೆಲವಕ್ಕೆ ಮಿನುಗಿ ಕೆಲವಕ್ಕೆ ಮಿನುಗದಿದ್ದರೆ ಒಳಗಿನ ರಬ್ಬರಿಗೆ ಕೊಳೆ ಹಿಡಿದಿದೆ, ಒರೆಸಿದರೆ ಸಾಕು. ಎಲ್ಲದಕ್ಕೂ ಮಿನುಗಿತು, ಆದರೂ ಟಿವಿ ಕದಲಲಿಲ್ಲ ಅಂದರೆ ಕಾಯಿಲೆ ರಿಮೋಟಿನಲ್ಲಿ ಇರಲಿಕ್ಕಿಲ್ಲ, ಟಿವಿಯನ್ನೇ ನೋಡಬೇಕು. ನಾವು ಮಾತ್ರ ರಿಮೋಟನ್ನು ಅಂಗೈಗೆ ಬಡಿಯುತ್ತೇವೆ, ಆಮೇಲೆ ಸೆಲ್ ತೆಗೆದು ಹಲ್ಲಿನಲ್ಲಿ ಕಚ್ಚುತ್ತೇವೆ. ಕಚ್ಚಬೇಡಿ ಮಾರಾಯ್ರೆ, ಅದರ ಒಳಗಿರುವುದು ಬಾಯಿಗೆ ಹೋಗಬಾರದ ವಸ್ತು.

38,000 ಸಲ ಯಾಕೆ ಮಿನುಗಬೇಕು, ಸುಮ್ನೆ ಒಂದು ಸಲ ಬೆಳಗಿದರೆ ಸಾಲದೇ? ಸಾಲದು. ಅದಕ್ಕೆ ಸೂರ್ಯನೇ ಕಾರಣ. 1955ರಲ್ಲಿ ಅಮೆರಿಕದ ಝೆನಿತ್ ಕಂಪನಿಯ ಯೂಜಿನ್ ಪಾಲಿ ಎನ್ನುವ ಇಂಜಿನಿಯರ್ ತಂತಿ ಇಲ್ಲದ ರಿಮೋಟ್ ಮಾಡಿದರು. ನೋಡಲು ಪಿಸ್ತೂಲಿನ ಹಾಗಿದ್ದ ಬ್ಯಾಟರಿ ದೀಪ. ಟಿವಿ ಪರದೆಯ ನಾಲ್ಕು ಮೂಲೆಯಲ್ಲೂ ಬೆಳಕು ಗುರುತಿಸುವ ಕಣ್ಣುಗಳು. ಒಂದು ಮೂಲೆಗೆ ದೀಪ ಬಿಟ್ಟರೆ ಟಿವಿ ಆಫ್, ಇನ್ನೊಂದಕ್ಕೆ ಬಿಟ್ಟರೆ ಚಾನೆಲ್ ಬದಲು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿವಿ ತನ್ನ ಪಾಡಿಗೆ ಚಾನೆಲ್ ಬದಲಿಸುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕಿನ ಸಹವಾಸವೇ ಬೇಡ ಅಂತ ಶಬ್ದದ ರಿಮೋಟ್ ಮಾಡಿದರು. ಬಟನ್ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಟಣ್ ಅಂತ ಬಡಿಯುತ್ತಿತ್ತು, ಮನುಷ್ಯರ ಕಿವಿಗೆ ಕೇಳದ ಆ ಸ್ವರ ಟಿವಿಗೆ ಕೇಳುತ್ತಿತ್ತು. ಅದಕ್ಕೆ ಸೆಲ್ಲೇ ಬೇಕಾಗಿರಲಿಲ್ಲ! ಬೀಗದಕೈ ಗೊಂಚಲು ಅಲ್ಲಾಡಿಸಿದರೂ ಕೆಲವೊಮ್ಮೆ ಚಾನೆಲ್ ಬದಲಾಗುತ್ತಿತ್ತು ಅನ್ನುವುದು ಬೇರೆ ಮಾತು. ಆಮೇಲೆ ಮತ್ತೆ ಬೆಳಕಿಗೇ ಬಂದರು, ಆದರೆ ಈ ಸಲ ಮಿನುಗುವ ಬೆಳಕು. ಬಿಸಿಲು ಒಂದೇ ಸಮ ಸುರಿಯುತ್ತದೆ, ಅದು ಹಾಗೆ ಮಿನುಗುವುದಿಲ್ಲ. ಮಿನುಗಿದ್ದನ್ನು ಮಾತ್ರ ಕೇಳು ಅಂತ ಟಿವಿಗೆ ಹೇಳಿಟ್ಟರೆ ಸೂರ್ಯನ ಕಾಟ ಬಹುಪಾಲು ತಪ್ಪಿತು.

ಒಂದೇ ರಿಮೋಟಿನಲ್ಲಿ ಎಲ್ಲವನ್ನೂ ನಡೆಸುವ ಆಸೆಯೂ ಹಳೆಯದೇ. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲಿ ಬೇರೆ ರಿಮೋಟುಗಳಿಂದ ಕಲಿತುಕೊಳ್ಳುವ ಒಂದು ರಿಮೋಟ್ ಮಾರುಕಟ್ಟೆಗೆ ತಂದಿದ್ದರು. ಮೊಬೈಲಿಗೆ ಈ ಕಣ್ಣು ಜೋರಾಗಿ ಬಂದದ್ದು 2013ರ ಸುಮಾರಿಗೆ. ಸ್ಯಾಮ್‌ಸಂಗ್, ಎಚ್‌ಟಿಸಿ ಕಂಪನಿಗಳ ದುಬಾರಿ ಫೋನುಗಳಲ್ಲಿ ಇತ್ತು. ಅದೇ ವರ್ಷ ಆಂಡ್ರಾಯ್ಡ್ ಕೂಡ ಇದಕ್ಕೆ ತನ್ನೊಳಗೆ ಜಾಗ ಮಾಡಿಕೊಟ್ಟಿತು. ಆಮೇಲೆ ಏನಾಯಿತೋ, ದೊಡ್ಡ ಫೋನುಗಳಿಂದ ಕಣ್ಣು ಒಂದೊಂದಾಗಿ ಮಾಯವಾಯಿತು. ಐಫೋನಿನಲ್ಲಂತೂ ಇರಲೇ ಇಲ್ಲ. ಈಗ ರೆಡ್ಮಿ, ಪೋಕೋ ಥರದ ಫೋನುಗಳಲ್ಲಿ ಜಾಸ್ತಿ ಸಿಗುತ್ತದೆ. ಅಂದರೆ ಲಕ್ಷ ಕೊಟ್ಟವನ ಫೋನಿನಲ್ಲಿ ಇಲ್ಲದ್ದು ಹನ್ನೆರಡು ಸಾವಿರ ಕೊಟ್ಟವನ ಫೋನಿನಲ್ಲಿ ಇರುತ್ತದೆ. ನನಗೆ ಇದರಲ್ಲಿ ಸ್ವಲ್ಪ ಖುಷಿಯೂ ಇದೆ, ಸುಳ್ಳು ಯಾಕೆ ಹೇಳಲಿ.

ಎಸಿ ವಿಷಯಕ್ಕೆ ಬಂದರೆ ಇನ್ನೊಂದು ಮೋಜು. ಹಾಸನಕ್ಕೆ ಎಸಿ ಯಾಕೆ ಅಂತ ನಗುತ್ತಿದ್ದ ಕಾಲ ಇತ್ತು. ಈಗ ಬಿ.ಎಂ. ರಸ್ತೆಯ ಅಂಗಡಿಗಳನ್ನು ನೋಡಿ, ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿಕೊಂಡೇ ವ್ಯಾಪಾರ. ನನ್ನ ಸ್ನೇಹಿತನ ಬಟ್ಟೆ ಅಂಗಡಿಯಲ್ಲಿ ರಿಮೋಟ್ 24 ಅಂತ ತೋರಿಸುತ್ತದೆ, ಕೆಲಸದ ಹುಡುಗನ ಮೊಬೈಲ್ 18 ಅಂತ ತೋರಿಸುತ್ತದೆ. ಯಾವುದು ನಿಜ? ಕೊನೆಯಲ್ಲಿ ಯಾರು ಒತ್ತಿದರೋ ಅವರದ್ದು. ಟಿವಿ ರಿಮೋಟ್ "ಸದ್ದು ಒಂದು ಮೆಟ್ಟಿಲು ಏರಿಸು" ಅಂತ ಮಾತ್ರ ಹೇಳುತ್ತದೆ. ಎಸಿ ರಿಮೋಟ್ ಹಾಗಲ್ಲ, ನೀವು ಯಾವ ಬಟನ್ ಒತ್ತಿದರೂ ಪೂರ್ತಿ ಜಾತಕ ಕಳಿಸುತ್ತದೆ. ಇಷ್ಟು ಡಿಗ್ರಿ, ಫ್ಯಾನ್ ಇಷ್ಟು, ರೆಕ್ಕೆ ಆಡಬೇಕು, ಎಲ್ಲ ಒಟ್ಟಿಗೆ. ಎಸಿ ತಿರುಗಿ ಏನೂ ಹೇಳುವುದಿಲ್ಲ, ಮಾತು ಒಂದೇ ಕಡೆಯಿಂದ. ಹಾಗಾಗಿ ಆ ಹುಡುಗ ಮೊಬೈಲಿನಲ್ಲಿ ಬರೀ ಫ್ಯಾನ್ ವೇಗ ಕಡಿಮೆ ಮಾಡಲು ಹೋದರೂ ಅವನ 18 ಡಿಗ್ರಿಯೂ ಜೊತೆಯಲ್ಲೇ ಹೋಗಿ ಕೂರುತ್ತದೆ. ಸ್ನೇಹಿತ ಆರು ತಿಂಗಳು ಎಸಿ ಕೆಟ್ಟಿದೆ ಅಂತಲೇ ಬೈದುಕೊಂಡಿದ್ದ.

ಮೊಬೈಲಿನಲ್ಲಿ ಕಣ್ಣಿಲ್ಲದವರಿಗೂ ದಾರಿ ಇದೆ. ಚಾರ್ಜಿಂಗ್ ತೂತಿಗೆ ಸಿಕ್ಕಿಸುವ ಪುಟ್ಟ ಕಣ್ಣು ಸಿಗುತ್ತದೆ. ವೈಫೈಯಲ್ಲಿ ನಿಮ್ಮ ಮಾತು ಕೇಳಿಸಿಕೊಂಡು ತಾನು ಬೆಳಕಿನಲ್ಲಿ ಹೇಳುವ ಡಬ್ಬಿಯೂ ಸಿಗುತ್ತದೆ, ಅದನ್ನು ಪ್ರತಿ ಕೋಣೆಗೂ ಒಂದೊಂದು ಇಡಬೇಕು, ಯಾಕೆಂದರೆ ಈ ಬೆಳಕು ಗೋಡೆ ದಾಟುವುದಿಲ್ಲ. ಗೋಡೆಗೆ ಬಡಿದು ವಾಪಸ್ ಬರುತ್ತದೆ ಮಾತ್ರ, ಅದಕ್ಕೇ ರಿಮೋಟನ್ನು ಹಿಂದಿನ ಗೋಡೆ ಕಡೆ ಹಿಡಿದರೂ ಒಂದೊಂದು ಸಲ ಕೆಲಸ ಮಾಡುತ್ತದೆ.

ಸ್ಮಾರ್ಟ್ ಟಿವಿ ಇದ್ದರೆ ಕಣ್ಣೇ ಬೇಡ. ಟಿವಿ, ಮೊಬೈಲ್ ಎರಡೂ ಮನೆಯ ಒಂದೇ ವೈಫೈಗೆ ಸೇರಿರಬೇಕು, ಮೊದಲ ಸಲ ಟಿವಿ ಪರದೆ ಮೇಲೆ ಬರುವ ಸಂಖ್ಯೆಯನ್ನು ಮೊಬೈಲಿನಲ್ಲಿ ಹೊಡೆಯಬೇಕು, ಅಷ್ಟೇ. ಇದರ ನಿಜವಾದ ಸುಖ ಹುಡುಕಾಟದಲ್ಲಿದೆ. ರಿಮೋಟಿನಲ್ಲಿ ಒಂದೊಂದೇ ಅಕ್ಷರಕ್ಕೆ ಬಾಣದ ಗುರುತು ಒತ್ತಿ ಒತ್ತಿ ಹೋಗುವ ಕರ್ಮ ಇಲ್ಲ, ಮೊಬೈಲಿನಲ್ಲಿ ಬರೆದರಾಯಿತು, ಬಾಯಲ್ಲಿ ಹೇಳಿದರೂ ಆಯಿತು. ಆದರೆ ನಮ್ಮ ಕಡೆ ಒಂದು ತೊಂದರೆ ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಿಮಗೆ ಹೊಸದಲ್ಲ. ಟಿವಿ ಯುಪಿಎಸ್ ಮೇಲೆ ಓಡುತ್ತಿರುತ್ತದೆ, ವೈಫೈ ಡಬ್ಬಿಗೆ ಯುಪಿಎಸ್ ಲೈನ್ ಕೊಟ್ಟಿರುವುದಿಲ್ಲ. ಕರೆಂಟ್ ಹೋದ ತಕ್ಷಣ ಟಿವಿ ಕೂಗುತ್ತಲೇ ಇರುತ್ತದೆ, ಮೊಬೈಲ್ ಮೂಕನಾಗುತ್ತದೆ. ಅಕ್ಕನ ಮನೆಯಲ್ಲಿ ಇದೇ ಆಗಿ, ಜಾಹೀರಾತಿನ ಸದ್ದು ಕಡಿಮೆ ಮಾಡಲು ಭಾವ ಕುರ್ಚಿಯಿಂದ ಎದ್ದು ಹೋಗಬೇಕಾಯಿತು. ಅಂದೇ ಎಲೆಕ್ಟ್ರಿಷಿಯನ್‌ಗೆ ಫೋನ್ ಹೋಯಿತು.

ಅಂದಹಾಗೆ ಎಲ್ಲಕ್ಕಿಂತ ದೊಡ್ಡ ರಿಮೋಟ್ ಇರುವುದು ನಮ್ಮ ಊರಲ್ಲೇ. ಸಾಲಗಾಮೆ ರಸ್ತೆಯ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ, 1982ರಿಂದ ಕೆಲಸ ಮಾಡುತ್ತಿದೆ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇಲ್ಲಿ ಕುಳಿತೇ ನಡೆಸುತ್ತಾರೆ. ಹತ್ತಡಿ ದೂರದ ಟಿವಿಗೆ ನಾವು ಇಷ್ಟು ಒದ್ದಾಡುತ್ತೇವೆ.

ಇಷ್ಟೆಲ್ಲ ಹೊಗಳಿದ ಮೇಲೆ ನಮ್ಮ ಮನೆಯಲ್ಲಿ ಆಮೇಲೆ ಏನಾಯಿತು ಹೇಳುತ್ತೇನೆ. ಮೊಬೈಲಿದೆ ಅಂತ ನಾನು ಹೊಸ ರಿಮೋಟ್ ತರಲೇ ಇಲ್ಲ. ಟಿವಿ, ಕೋಣೆಯ ಹೊಸ ಫ್ಯಾನ್, ಎರಡನ್ನೂ ಮೊಬೈಲಿಗೆ ಹಾಕಿಕೊಂಡು ರಾಜನ ಹಾಗೆ ಕೂತಿದ್ದೆ. ಒಂದು ದಿನ ಬೇಲೂರಿಗೆ ಮದುವೆಗೆ ಹೋದೆ. ಸಂಜೆ ಏಳೂವರೆಗೆ ಅವ್ವನ ಕೀಪ್ಯಾಡ್ ಫೋನಿನಿಂದ ಕರೆ. "ಧಾರಾವಾಹಿ ಶುರುವಾಯ್ತು ಕಣೋ, ಟಿವಿ ಹಾಕೋದು ಹೆಂಗೆ?" ಅಂತ. ಮದುವೆ ಮನೆಯ ವಾಲಗದ ಮಧ್ಯೆ ನಾನು ಕೂಗುತ್ತಿದ್ದೇನೆ, "ಟಿವಿ ಅಡಿಗೆ ಕೈ ಆಡಿಸವ್ವ, ಮಧ್ಯದಲ್ಲಿ ಒಂದು ಗುಂಡಿ ಸಿಗುತ್ತೆ, ಒತ್ತು." ಸಿಕ್ಕಿತು, ಒತ್ತಿದಳು, ಟಿವಿ ಬಂತು. ಆದರೆ ನಾನು ಬೆಳಿಗ್ಗೆ ನ್ಯೂಸ್ ನೋಡಿ ಬಿಟ್ಟು ಬಂದಿದ್ದೆ. ಚಾನೆಲ್ ಬದಲಿಸಲು ಬೇರೆ ಗುಂಡಿಯೇ ಇಲ್ಲ. ಪಾಪ, ಅವ್ವ ಒಂದೂವರೆ ಗಂಟೆ ಚುನಾವಣೆ ಚರ್ಚೆ ನೋಡಿದಳು. ನಾನು ಬಂದಾಗ ಮಾತಾಡಿಸಲಿಲ್ಲ.

ಅವತ್ತು ನನಗೆ ಹೊಳೆಯಿತು. ರಿಮೋಟ್ ಮನೆಗೆ ಸೇರಿದ್ದು, ಸೋಫಾ ಮೇಲೆ ಯಾರು ಕೂತರೆ ಅವರದ್ದು. ಮೊಬೈಲ್ ಒಬ್ಬನದ್ದು, ಅವನ ಜೊತೆ ಊರೂರು ತಿರುಗುತ್ತದೆ. ಮನೆಯ ಸ್ವಿಚ್ಚನ್ನು ಕಿತ್ತು ನಾನು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ, ಅಷ್ಟೇ.

ಪರಿಹಾರ ಅಂತ ಬೀರುವಿನಲ್ಲಿದ್ದ ಗಾಜು ಒಡೆದ ಹಳೆ ಫೋನ್ ತೆಗೆದೆ. ಅದರಲ್ಲೂ ಕಣ್ಣಿತ್ತು. ಅದನ್ನು ಅವ್ವನ ಕೈಗೆ ಕೊಟ್ಟೆ. ಎರಡು ವಾರ ನಡೆಯಿತು. ದಿನಾ ಚಾರ್ಜ್ ಮಾಡಬೇಕು. ಸದ್ದು ಕಡಿಮೆ ಮಾಡಲು ಹೋದರೆ ಮಧ್ಯೆ ಜಾಹೀರಾತು ಬಂದು ಕೂರುತ್ತದೆ. ಎಲ್ಲಕ್ಕಿಂತ ಕಷ್ಟ ಅಂದರೆ ಆ ಗಾಜು ನುಣ್ಣಗಿದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಅವ್ವ ಕನ್ನಡಕ ಹಾಕದೆ, ಕತ್ತಲಲ್ಲೂ ಹಳೆ ರಿಮೋಟ್ ಬಳಸುತ್ತಿದ್ದಳು. 5ರ ಮೇಲೆ ಒಂದು ಪುಟ್ಟ ಉಬ್ಬು ಇರುತ್ತದೆ ನೋಡಿ, ಹೆಬ್ಬೆರಳು ಅಲ್ಲಿಗೆ ಇಟ್ಟರೆ ಉಳಿದದ್ದೆಲ್ಲ ಎಲ್ಲಿದೆ ಅಂತ ಬೆರಳಿಗೇ ಗೊತ್ತು. ಆ ಉಬ್ಬು ಇರುವುದೇ ಅದಕ್ಕೆ.

ಕೊನೆಗೆ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದೆ. ಟಿವಿ ಹಿಂದಿನ ಮಾಡೆಲ್ ನಂಬರನ್ನು ಫೋಟೋ ತೆಗೆದುಕೊಂಡು ಹೋಗಿದ್ದೆ, ಹಾಗೇ ಹೋದರೆ ಅಂಗಡಿಯವನೂ ಏನು ಮಾಡುತ್ತಾನೆ? ಇನ್ನೂರು ರೂಪಾಯಿ ಒಳಗೇ ಸಿಕ್ಕಿತು. ಕಂಪನಿಯದ್ದಲ್ಲ, ಆದರೆ ಅದೇ ಗುಟ್ಟಿನ ಸಂಖ್ಯೆ. ಅವ್ವ ಅವತ್ತೇ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಳು. ನನ್ನ ಮೊಬೈಲಿನಲ್ಲಿ ಆ್ಯಪ್ ಇನ್ನೂ ಇದೆ, ರಿಮೋಟ್ ಸೋಫಾ ಸಂದಿಗೆ ಬಿದ್ದ ದಿನ ತೆಗೆಯುತ್ತೇನೆ. ಬೆಡ್‌ಶೀಟ್ ಈಗ ಅವ್ವನೇ ಕೊಡವುತ್ತಾಳೆ.

ಈ ಹೊತ್ತಿಗೆ ಅವಳು ಅಡುಗೆ ಮನೆಯಲ್ಲಿ ಇದನ್ನು ಕೇಳುತ್ತಿರುತ್ತಾಳೆ. ಆ ರೇಡಿಯೋಗೆ ರಿಮೋಟ್ ಇಲ್ಲ. ನನ್ನ ಮಾತು ಜಾಸ್ತಿಯಾಯಿತು ಅನ್ನಿಸಿದರೆ ಕಿವಿ ಹಿಂಡುತ್ತಾಳೆ, ಅದರದ್ದು. ನಮಸ್ಕಾರ.