ಕಸುಬಿನ ಜೊತೆ ಬರುವ ನಂಟು

ಕೇಳುಗರೆಲ್ಲರಿಗೂ ನಮಸ್ಕಾರ.

ಮೊಬೈಲ್ ರಿಪೇರಿ ಕಲಿಯೋಕೆ ಈಗ ಎಲ್ಲಿಗೂ ಹೋಗಬೇಕಿಲ್ಲ, ಯೂಟ್ಯೂಬ್ ಸಾಕು ಅನ್ನುವವರಿದ್ದಾರೆ. ಕೈಕೆಲಸದ ಮಟ್ಟಿಗೆ ಅದು ಪೂರ್ತಿ ಸುಳ್ಳೇನಲ್ಲ. ಆದರೆ ನಾಳೆ ಅಂಗಡಿ ತೆರೆಯುತ್ತೀರಿ. ಗಿರಾಕಿ ಎದುರಿಗೇ ನಿಂತಿದ್ದಾನೆ, ಬೇಕಾದ ಬಿಡಿಭಾಗ ಸಿಗುತ್ತಿಲ್ಲ. ಆಗ ಯಾರಿಗೆ ಫೋನ್ ಮಾಡುತ್ತೀರಿ?

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಹಳ್ಳಿಯವರಿಗೆ ಸ್ವಂತ ಉದ್ಯೋಗಕ್ಕೆ ಬೇಕಾದ ಕಸುಬು ಕಲಿಸುವ ತರಬೇತಿ ಸಂಸ್ಥೆ ಇದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ಹೈನುಗಾರಿಕೆ, ಜೇನು ಸಾಕಣೆಗೆ 10 ದಿನ ಸಾಕು. ಹೊಲಿಗೆ, ಮೊಬೈಲ್ ರಿಪೇರಿಗೆ ಸುಮಾರು 30 ದಿನ. ಊಟ, ವಸತಿ ಎಲ್ಲಾ ಉಚಿತ.

ನನ್ನ ಕಣ್ಣಿಗೆ ಮುಖ್ಯವಾಗಿ ಕಾಣುವುದು ಆ ವಸತಿಯೇ. ಬೇರೆ ಬೇರೆ ಊರಿನವರು, ಬೇರೆ ಬೇರೆ ಜಾತಿಯವರು ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಒಂದೇ ಸಾಲಲ್ಲಿ ಕೂತು ಉಣ್ಣುತ್ತಾರೆ. ಬೆಳಿಗ್ಗೆ ಎದ್ದು ಒಟ್ಟಿಗೆ ಪೊರಕೆ ಹಿಡಿದು ಶ್ರಮದಾನ. ಇನ್ನೊಂದು ಆಟವೂ ಇದೆ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಲು ಹೇಳುತ್ತಾರೆ. ಪಕ್ಕದವರು ಬಾಯಲ್ಲಿ ದಾರಿ ಹೇಳಬೇಕು. ನಿನ್ನೆ ಮೊನ್ನೆವರೆಗೂ ಹೆಸರೇ ಗೊತ್ತಿರದವರ ಮಾತು ನಂಬಿ ಕೈ ಚಾಚಬೇಕು ನೋಡಿ! ಇಷ್ಟು ದಿನ ಹೀಗೆ ಕಳೆದವರ ನಡುವೆ ಸಲುಗೆ ಬೆಳೆಯದೆ ಇರುತ್ತದೆಯೇ? ಬಿಡಿಭಾಗ ಎಲ್ಲಿ ಅಗ್ಗ, ಯಾವ ಬ್ಯಾಂಕಿನಲ್ಲಿ ಸಾಲ ಬೇಗ ಆಗುತ್ತದೆ ಅನ್ನುವುದೆಲ್ಲ ಆಮೇಲೆ ಓಡಾಡುವುದು ಇದೇ ಸಲುಗೆಯಲ್ಲಿ.

ಹೆಣ್ಣುಮಕ್ಕಳಿಗಂತೂ ಇದು ಇನ್ನೂ ದೊಡ್ಡ ಮಾತು. ಮದುವೆಯಾಗಿ ಬಂದ ಊರಲ್ಲಿ ತನ್ನದೇ ಅನ್ನುವ ಗೆಳತಿಯರು ಎಷ್ಟು ಜನರಿಗಿರುತ್ತಾರೆ ಹೇಳಿ? ಸುಮ್ನೆ ಹೊರಟರೆ ಮನೆಯಲ್ಲಿ ನೂರು ಪ್ರಶ್ನೆ. ಹೊಲಿಗೆ ಕ್ಲಾಸ್ ಅಂದರೆ ಅಷ್ಟು ಕೇಳುವುದಿಲ್ಲ, ಅಲ್ವಾ?

ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆಯವರು ಬೆನ್ನ ಹಿಂದೆ ಇರುತ್ತಾರೆ. ಅಂಗಡಿ ಹೇಗಿದೆ, ಸಾಲ ಸಿಕ್ಕಿತೇ ಎಂದು ವಿಚಾರಿಸುತ್ತಾರೆ. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಅವನ್ನು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಅನ್ನುತ್ತಾರೆ, ಬ್ಯಾಂಕುಗಳೇ ನಡೆಸುತ್ತವೆ.

18 ವರ್ಷ ತುಂಬಿದ ಹಳ್ಳಿಯ ಯುವಜನರು ಸೇರಬಹುದು. ನಿಮ್ಮ ಜಿಲ್ಲೆಯಲ್ಲಿ ಆರ್‌ಸೆಟಿ ಎಲ್ಲಿದೆ ಎಂದು ಹತ್ತಿರದ ಬ್ಯಾಂಕಿನಲ್ಲಿ ಕೇಳಿ. ಸಂಜೆ ಮನೆಗೆ ಹೋಗಿ ಬರುತ್ತೇನೆ ಅಂತ ಮಾತ್ರ ಹಟ ಹಿಡಿಯಬೇಡಿ, ಅಲ್ಲೇ ಉಳಿಯಿರಿ. ನಮಸ್ಕಾರ.